ತೂಕ, ಪವರ್ ಮತ್ತು ಮಣ್ಣಿನ ಹಾದಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಡಾಂಬರು ರಸ್ತೆಗೂ ಮಣ್ಣಿನ ಹಾದಿಗೂ ಒದಗುವ ಸಿಂಗಲ್ ಸಿಲಿಂಡರ್ ಬೈಕುಗಳ, ಅಂದರೆ ಡ್ಯುಯಲ್ ಸ್ಪೋರ್ಟ್ ಬೈಕುಗಳ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ತೂಕ ಮತ್ತು ಪವರ್ ಸುತ್ತಲೇ ಇದ್ದವು. ಹಾಗಾಗಿ ಈ ಸಲದ ಅಂಕಣ ಅದಕ್ಕೇ ಮೀಸಲು.

ಪ್ರಶ್ನೆ: ನಮ್ಮದು ಹೆದ್ದಾರಿಯಿಂದ ಬಹಳ ಒಳಗಿರುವ ಕಾಫಿ ತೋಟ. ದಿನವೂ ಮಣ್ಣಿನ ರಸ್ತೆ, ಮಳೆಗಾಲದಲ್ಲಿ ಕೆಸರು. ತಿಂಗಳಿಗೊಮ್ಮೆ ಬೆಂಗಳೂರಿಗೆ ಹೋಗಿಬರುವುದುಂಟು. ಹೀರೋ ಎಕ್ಸ್‌ಪಲ್ಸ್ 200 4ವಿ, ಕವಾಸಾಕಿ ಕೆಎಲ್‌ಎಕ್ಸ್ 230, ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450 ಈ ಮೂರರಲ್ಲಿ ಯಾವುದನ್ನು ಕೊಳ್ಳಲಿ? ಪವರನ್ನು ತೂಕದಿಂದ ಭಾಗಿಸಿದಾಗ ಯಾವುದಕ್ಕೆ ಹೆಚ್ಚು ಬರುತ್ತದೋ ಅದೇ ಒಳ್ಳೆಯದು ಎಂದು ಗೆಳೆಯರು ಹೇಳುತ್ತಾರೆ. ಇದು ಸರಿಯೇ?
– ಓದುಗರು, ಸಕಲೇಶಪುರ

ಉತ್ತರ: ಭಾಗಿಸಿ ನೋಡುವುದರಲ್ಲಿ ತಪ್ಪಿಲ್ಲ, ಆದರೆ ಅದು ಅರ್ಧ ಲೆಕ್ಕ. ಮೊದಲು ಅದನ್ನೇ ಮಾಡೋಣ. ಎಕ್ಸ್‌ಪಲ್ಸ್ 200 4ವಿ ಬೈಕಿನ ಪವರ್ ಸುಮಾರು 19 ಪಿಎಸ್ (ಪಿಎಸ್ ಅಂದರೆ ಅಶ್ವಶಕ್ತಿಯ ಮೆಟ್ರಿಕ್ ಅಳತೆ), ಪೆಟ್ರೋಲ್ ಮತ್ತು ಆಯಿಲ್ ಸೇರಿದ ತೂಕ ಸುಮಾರು 159 ಕಿಲೊ. ಕೆಎಲ್‌ಎಕ್ಸ್ 230ರದು ಸುಮಾರು 18 ಪಿಎಸ್, 139 ಕಿಲೊ. ಹಿಮಾಲಯನ್ 450ರದು 40 ಪಿಎಸ್, 196 ಕಿಲೊ. ಒಂದು ಟನ್ ತೂಕಕ್ಕೆ ಎಷ್ಟು ಪಿಎಸ್ ಎಂದು ಲೆಕ್ಕ ಹಾಕಿದರೆ ಕ್ರಮವಾಗಿ 120, 130 ಮತ್ತು 204 ಬರುತ್ತದೆ. ಕಾಗದದ ಮೇಲೆ ಹಿಮಾಲಯನ್‌ಗೆ ಎದುರಿಲ್ಲ, ಎರಡನೆಯ ಸ್ಥಾನ ಕವಾಸಾಕಿಗೆ.

ಆದರೆ ಬೈಕು ತಾನೊಂದೇ ಓಡುವುದಿಲ್ಲವಷ್ಟೆ. ಸವಾರ, ಹೆಲ್ಮೆಟ್, ಬೂಟು, ಮಳೆಕೋಟು, ಹಿಂದೆ ಕಟ್ಟಿದ ಚೀಲ ಎಲ್ಲ ಸೇರಿ 100 ಕಿಲೊ ಎಂದು ಹಿಡಿದು ಅದೇ ಲೆಕ್ಕವನ್ನು ಮತ್ತೆ ಮಾಡಿದರೆ ಎಕ್ಸ್‌ಪಲ್ಸ್‌ಗೆ 73, ಕೆಎಲ್‌ಎಕ್ಸ್‌ಗೆ 75, ಹಿಮಾಲಯನ್‌ಗೆ 135 ಸಿಗುತ್ತದೆ. ಮೊದಲೆರಡು ಬೈಕುಗಳ ನಡುವಣ ಅಂತರ ಬಹುಮಟ್ಟಿಗೆ ಅಳಿಸಿಹೋಯಿತು. ಕವಾಸಾಕಿಯವರು 20 ಕಿಲೊ ಇಳಿಸಿದ್ದು ವ್ಯರ್ಥವೇ ಎಂದು ಇದನ್ನು ನೋಡಿದವರಿಗೆ ಅನಿಸಬಹುದು. ಖಂಡಿತ ವ್ಯರ್ಥವಲ್ಲ. ಗಾಡಿ ಚರಂಡಿಯಲ್ಲಿ ಅಡ್ಡ ಬಿದ್ದಾಗ ಸವಾರನ ತೂಕ ಅದರ ಮೇಲಿರುವುದಿಲ್ಲ, ಅವನು ಪಕ್ಕದಲ್ಲಿ ಕೆಸರಿನಲ್ಲಿ ನಿಂತಿರುತ್ತಾನೆ. ಆಗ ಅವನ ಕೈಗೆ ಸಿಗುವುದು 139 ಕಿಲೊ, ಇಲ್ಲವೇ 159, ಇಲ್ಲವೇ 196. ಕೊನೆಯದಕ್ಕೂ ಮೊದಲನೆಯದಕ್ಕೂ ಇರುವ ವ್ಯತ್ಯಾಸವೇ 50 ಕಿಲೊದ ಒಂದು ಕಾಫಿ ಮೂಟೆಗಿಂತ ಹೆಚ್ಚು.

ನಡೆಯುವ ವೇಗದಲ್ಲಿ ಸಾಗಬೇಕಾದ ಜಾಗದಲ್ಲಿ, ಕಿರಿದಾದ ದಾರಿಯಲ್ಲಿ ಗಾಡಿಯನ್ನು ಹಿಂದಕ್ಕೆ ತಿರುಗಿಸಬೇಕಾದಾಗ, ಜಾರುವ ಇಳಿಜಾರಿನಲ್ಲಿ ಬ್ರೇಕ್ ಹಿಡಿದಾಗ ಲೆಕ್ಕಕ್ಕೆ ಬರುವುದು ಇಂಥ ಬರಿಯ ತೂಕವೇ. ಅಲ್ಲಿ ಪವರ್ ಎಷ್ಟು ಬೇಕು ಎಂಬುದನ್ನೂ ನೋಡಿ. ಹತ್ತು ಮೀಟರ್ ಮುಂದೆ ಹೋದರೆ ಎರಡು ಮೀಟರ್ ಏರುವಂಥ ಕಡಿದಾದ ಹಾದಿಯಲ್ಲಿ, ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ, ಸವಾರನೂ ಸೇರಿ 260 ಕಿಲೊ ತೂಕವನ್ನು ಮೇಲಕ್ಕೆ ಒಯ್ಯಲು ಸುಮಾರು 3 ಪಿಎಸ್ ಸಾಕು. ಕೆಸರಿನ ಹಿಡಿತಕ್ಕೆ, ಚೈನು ಗೇರುಗಳಲ್ಲಿ ಸೋರುವ ಶಕ್ತಿಗೆ ಎಂದು ಅದನ್ನು ದುಪ್ಪಟ್ಟು ಮಾಡಿದರೂ 6 ಪಿಎಸ್. ಮೂರು ಬೈಕುಗಳಲ್ಲಿ ಅತಿ ಕಡಿಮೆ ಪವರ್ ಇರುವುದರಲ್ಲೂ ಇದರ ಮೂರು ಪಟ್ಟು ಇದೆ. ತೋಟದ ಏರಿನಲ್ಲಿ ಗಾಡಿ ನಿಂತುಬಿಟ್ಟರೆ ಕಾರಣ ಬಹುತೇಕ ಟೈರಿನ ಹಿಡಿತ ತಪ್ಪಿದ್ದು ಅಥವಾ ಸವಾರನ ತೋಳು ಸೋತದ್ದು. 40 ಪಿಎಸ್ ಇದ್ದರೂ ಹಿಂದಿನ ಚಕ್ರ ಇನ್ನಷ್ಟು ಜೋರಾಗಿ ಸುತ್ತೀತೇ ಹೊರತು ಗಾಡಿ ಮೇಲೇರದು.

ನಿಮ್ಮ ಬಳಕೆಗೆ ನನ್ನ ಆಯ್ಕೆ ಎಕ್ಸ್‌ಪಲ್ಸ್. ಬರಿಯ ಹಗುರತನವನ್ನೇ ನೋಡಿದರೆ ಕೆಎಲ್‌ಎಕ್ಸ್ ಮುಂದಿದೆ, ಕೆಸರಿನಲ್ಲಿ ಅದು ನಿಜಕ್ಕೂ ಆನಂದ ಕೊಡುವ ಗಾಡಿ. ಆದರೆ ಅದರ ಟ್ಯಾಂಕಿಗೆ ಹಿಡಿಸುವುದು ಏಳೂವರೆ ಲೀಟರಿನಷ್ಟು, ಎಕ್ಸ್‌ಪಲ್ಸ್‌ಗೆ 13 ಲೀಟರ್. ಸಕಲೇಶಪುರದಿಂದ ಬೆಂಗಳೂರಿಗೆ ಹೊರಟರೆ ಕೆಎಲ್‌ಎಕ್ಸ್ ಸವಾರ ನಡುವೆ ಬಂಕ್ ನೋಡಿಕೊಳ್ಳಲೇಬೇಕು. ಹೀರೋ ಮೆಕ್ಯಾನಿಕ್ ತಾಲ್ಲೂಕು ಕೇಂದ್ರದಲ್ಲೇ ಸಿಗುತ್ತಾರೆ ಎಂಬುದೂ ದಿನಬಳಕೆಯ ಗಾಡಿಗೆ ಸಣ್ಣ ಮಾತಲ್ಲ. ಬೆಂಗಳೂರಿನ ಓಡಾಟ ವಾರಕ್ಕೊಮ್ಮೆ ಆಗುವಂತಿದ್ದರೆ ಹಿಮಾಲಯನ್ ಎನ್ನುತ್ತಿದ್ದೆ.

ಪ್ರಶ್ನೆ: ಸುಮಾರು 19 ಪಿಎಸ್‌ನ ಬೈಕಿನಲ್ಲಿ ಹುಬ್ಬಳ್ಳಿ–ಬೆಂಗಳೂರು ಹೆದ್ದಾರಿಯಲ್ಲಿ 100ರ ವೇಗದಲ್ಲಿ ಆರಾಮವಾಗಿ ಹೋಗಬಹುದೇ? ಅದೇ ಬೈಕಿನಲ್ಲಿ ಲಡಾಖ್‌ಗೂ ಹೋಗುವ ಆಸೆಯಿದೆ.
– ಓದುಗರು, ಹುಬ್ಬಳ್ಳಿ

ಉತ್ತರ: ತೋಟದ ಹಾದಿಯ ಲೆಕ್ಕ ಹೆದ್ದಾರಿಯಲ್ಲಿ ತಿರುಗುಮುರುಗಾಗುತ್ತದೆ. ಸಮತಟ್ಟಾದ ರಸ್ತೆಯಲ್ಲಿ ಒಂದೇ ವೇಗದಲ್ಲಿ ಸಾಗುವಾಗ ತೂಕದ ಪಾತ್ರ ತೀರ ಕಡಿಮೆ, ಎಂಜಿನ್ ಹೋರಾಡುವುದು ಗಾಳಿಯ ಜೊತೆ. ಡ್ಯುಯಲ್ ಸ್ಪೋರ್ಟ್ ಬೈಕಿನಲ್ಲಿ ಸವಾರ ನೆಟ್ಟಗೆ, ಅಗಲವಾದ ಹ್ಯಾಂಡಲ್ ಹಿಡಿದು, ಎದೆಗೆ ಗಾಳಿ ಬಡಿಯುವಂತೆ ಕುಳಿತಿರುವುದರಿಂದ ಈ ಹೋರಾಟ ಇನ್ನೂ ದುಬಾರಿ. ಗಾಳಿಯನ್ನು ಸೀಳಲು ಬೇಕಾದ ಪವರ್ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ, ಅಂದರೆ ವೇಗ ಎರಡು ಪಟ್ಟಾದರೆ ಪವರ್ ಎಂಟು ಪಟ್ಟು ಬೇಕಾಗುತ್ತದೆ. ಇಂಥ ಬೈಕು ಮತ್ತು ಸವಾರನಿಗೆ ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಸ್ಥೂಲವಾಗಿ 12ರಿಂದ 14 ಪಿಎಸ್ ಬೇಕು, 120ರಲ್ಲಿ 20ಕ್ಕಿಂತ ಹೆಚ್ಚು. ಆದ್ದರಿಂದ 19 ಪಿಎಸ್ ಬೈಕು 100ರಲ್ಲಿ ಓಡುತ್ತದೆ, ಆದರೆ ತನ್ನ ಶಕ್ತಿಯ ಮುಕ್ಕಾಲು ಪಾಲನ್ನು ಅಷ್ಟಕ್ಕೇ ಸುರಿದಿರುತ್ತದೆ. ಲಾರಿಯನ್ನು ಹಿಂದೆ ಹಾಕುವಾಗ ಉಳಿದದ್ದು ಸಾಲದು, ಎದುರುಗಾಳಿ ಬಂದರೆ 90ಕ್ಕೆ ಇಳಿಯುತ್ತದೆ. 80–85ರಲ್ಲಿ ಹೋಗುವ ತಾಳ್ಮೆ ಇದ್ದವರಿಗೆ ಈ ಬೈಕು ಸಾಕು. 100 ಬೇಕೇ ಬೇಕು ಎನ್ನುವವರು 25 ಪಿಎಸ್‌ನ ಆಸುಪಾಸಿನ ಎಕ್ಸ್‌ಪಲ್ಸ್ 210 ಅಥವಾ 40 ಪಿಎಸ್ ಮೇಲ್ಪಟ್ಟ ಹಿಮಾಲಯನ್ 450, ಕೆಟಿಎಂ 390 ಅಡ್ವೆಂಚರ್ ಕಡೆ ನೋಡುವುದು ಒಳ್ಳೆಯದು.

ಲಡಾಖ್ ಬಗ್ಗೆ: ಎತ್ತರ ಏರಿದಂತೆ ಗಾಳಿ ತೆಳುವಾಗಿ ಎಂಜಿನ್ನಿನ ಉಸಿರು ಕುಗ್ಗುತ್ತದೆ. ನಮ್ಮ ಮುಳ್ಳಯ್ಯನಗಿರಿಯ 1,900 ಮೀಟರ್ ದಾಟಿದ ಎತ್ತರದಲ್ಲೇ ಸುಮಾರು ಆರರಲ್ಲೊಂದು ಪಾಲು ಪವರ್ ಹೋಗಿರುತ್ತದೆ. 5,300 ಮೀಟರ್ ದಾಟುವ ಖರ್ದೂಂಗ್ ಲಾದಲ್ಲಿ ಸಮುದ್ರಮಟ್ಟದ ಪವರಿನಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಮಾತ್ರ ಉಳಿಯುತ್ತದೆ. ಫ್ಯೂಯಲ್ ಇಂಜೆಕ್ಷನ್ ಪೆಟ್ರೋಲಿನ ಅಳತೆಯನ್ನು ಸರಿದೂಗಿಸೀತು, ಇಲ್ಲದ ಆಮ್ಲಜನಕವನ್ನು ತಂದುಕೊಡಲಾರದು. ಒಬ್ಬರೇ ಹೋಗುವುದಾದರೆ 10–11 ಪಿಎಸ್‌ನಲ್ಲೂ ಸಣ್ಣ ಗೇರಿನಲ್ಲಿ ಹತ್ತಬಹುದು. ಹಿಂದೆ ಇನ್ನೊಬ್ಬರನ್ನು ಕೂರಿಸಿಕೊಂಡು, ಎರಡೂ ಬದಿಗೆ ಪೆಟ್ಟಿಗೆ ಕಟ್ಟಿಕೊಂಡು ಈ ಬೈಕಿನಲ್ಲಿ ಹೋಗಬೇಡಿ.

ಪ್ರಶ್ನೆ: ಹಳೆಯ ಹಿಮಾಲಯನ್ 411ರಲ್ಲಿ ಕೇವಲ 24 ಬಿಎಚ್‌ಪಿ (ಪಿಎಸ್‌ಗೆ ಬಹುತೇಕ ಸಮನಾದ ಅಳತೆ), ತೂಕ 199 ಕಿಲೊ. ಆದರೂ ಘಾಟಿಯಲ್ಲಿ ಅದು 200 ಸಿಸಿ ಬೈಕಿಗಿಂತ ಸಲೀಸಾಗಿ ಎಳೆಯುತ್ತದೆ. ಯಾಕೆ?
– ಓದುಗರು, ತುಮಕೂರು

ಉತ್ತರ: ಪವರ್ ಎಂಬ ಅಂಕಿ ಯಾವ ಆರ್‌ಪಿಎಂನಲ್ಲಿ, ಅಂದರೆ ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುವಾಗ, ಸಿಗುತ್ತದೆ ಎಂಬುದರಲ್ಲಿ ಉತ್ತರವಿದೆ. ಟಾರ್ಕನ್ನು, ಅಂದರೆ ಎಂಜಿನ್ನಿನ ತಿರುಗಿಸುವ ಬಲವನ್ನು, ನ್ಯೂಟನ್ ಮೀಟರಿನಲ್ಲಿ ತೆಗೆದುಕೊಂಡು ಆರ್‌ಪಿಎಂನಿಂದ ಗುಣಿಸಿ ಸುಮಾರು 7,000ದಿಂದ ಭಾಗಿಸಿದರೆ ಆ ಕ್ಷಣದ ಪಿಎಸ್ ಸಿಗುತ್ತದೆ. ಹಿಮಾಲಯನ್ 411ರ 32 ನ್ಯೂಟನ್ ಮೀಟರ್ ಟಾರ್ಕ್ 4,000ದಿಂದ 4,500 ಆರ್‌ಪಿಎಂ ನಡುವೆ ಬರುತ್ತದೆ. 4,250ಕ್ಕೆ ಲೆಕ್ಕ ಹಾಕಿದರೆ 19 ಪಿಎಸ್. ಎಕ್ಸ್‌ಪಲ್ಸ್ ಅಷ್ಟೇ ಪಿಎಸ್ ಕೊಡಲು 8,500 ಆರ್‌ಪಿಎಂ ತನಕ ಕಿರುಚಬೇಕು. ತಿರುವಿನಿಂದ ಹೊರಬರುವಾಗ ಒಂದು ಬೈಕು ಗೇರ್ ಇಳಿಸದೆಯೇ ಎಳೆದುಕೊಂಡು ಹೋಗುತ್ತದೆ, ಇನ್ನೊಂದು ಎರಡು ಗೇರ್ ಇಳಿಸಿ ಎಂದು ಕೇಳುತ್ತದೆ. ಮಾಹಿತಿಪತ್ರ ಓದುವಾಗ ಗರಿಷ್ಠ ಪವರಿನ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಮುದ್ರಿಸುವ ಆರ್‌ಪಿಎಂ ಅನ್ನು ದಯವಿಟ್ಟು ಓದಿ.

ಪ್ರಶ್ನೆ: ನಾನು ಅಮೆರಿಕದ ಅರಿಜೋನಾದಲ್ಲಿರುವ ಕನ್ನಡಿಗ. ಇಲ್ಲಿ ಸುಜುಕಿ ಡಿಆರ್650, ಹೋಂಡಾ ಎಕ್ಸ್‌ಆರ್650ಎಲ್, ಕವಾಸಾಕಿ ಕೆಎಲ್‌ಆರ್650, ಕೆಟಿಎಂ 690 ಎಂಡ್ಯುರೊ ಆರ್ ಸಿಗುತ್ತವೆ. ಎಲ್ಲವೂ ಒಂದೇ ಸಿಲಿಂಡರಿನವು, ಆದರೆ ತೂಕವನ್ನು ಹೋಲಿಸಲು ಹೋದರೆ ತಲೆಕೆಡುತ್ತದೆ.
– ಓದುಗರು, ಅರಿಜೋನಾ

ಉತ್ತರ: ತಲೆಕೆಡುವುದಕ್ಕೆ ಕಾರಣ, ಎಲ್ಲರೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ಜಪಾನಿನ ಕಂಪನಿಗಳು ಈಗ ಪೆಟ್ರೋಲ್ ತುಂಬಿದ ತೂಕವನ್ನು ಕೊಡುತ್ತವೆ. ಕೆಟಿಎಂ ಪೆಟ್ರೋಲ್ ಬಿಟ್ಟು ಹೇಳುತ್ತದೆ. 690 ಎಂಡ್ಯುರೊ ಆರ್‌ನ ತೂಕ ಸುಮಾರು 146 ಕಿಲೊ ಎಂದು ಓದಿದವರು ಅದರ ಹದಿಮೂರೂವರೆ ಲೀಟರ್ ಟ್ಯಾಂಕನ್ನು ನೆನಪಿಡಬೇಕು. ಒಂದು ಲೀಟರ್ ಪೆಟ್ರೋಲಿಗೆ ಮುಕ್ಕಾಲು ಕಿಲೊದಂತೆ ಇನ್ನೊಂದು 10 ಕಿಲೊ ಸೇರಿಸಿದರೆ 156 ಆಗುತ್ತದೆ. ಎಕ್ಸ್‌ಆರ್650ಎಲ್ ಸುಮಾರು 157 ಕಿಲೊ, ಡಿಆರ್650 ಸುಮಾರು 166 ಕಿಲೊ, ಕೆಎಲ್‌ಆರ್650 ಮಾತ್ರ 200 ಕಿಲೊ ದಾಟಿದ್ದು. ಹೀಗೆ ಸಮ ಮಾಡಿಕೊಂಡ ಮೇಲೆ 690 ಮತ್ತು ಹೋಂಡಾ ತೂಕದಲ್ಲಿ ಒಂದೇ ಸಾಲಿಗೆ ಬಂದವು ನೋಡಿ. ಹಾಗೆಯೇ, ಜಪಾನಿ ಕಂಪನಿಗಳು ಅಮೆರಿಕದ ಮಾಹಿತಿಪತ್ರಗಳಲ್ಲಿ ಸಾಮಾನ್ಯವಾಗಿ ಪವರನ್ನು ಮುದ್ರಿಸುವುದೇ ಇಲ್ಲ. ಬೇರೆಯವರು ಹಿಂದಿನ ಚಕ್ರದಲ್ಲಿ ಅಳೆದ ಅಂಕಿಯನ್ನು ಕೆಟಿಎಂ ಎಂಜಿನ್ನಿನಲ್ಲಿ ಅಳೆದು ಹೇಳುವ ಅಂಕಿಯ ಪಕ್ಕದಲ್ಲಿಟ್ಟರೆ ಅನ್ಯಾಯವಾಗುತ್ತದೆ. ಆ ಅನ್ಯಾಯವನ್ನು ಸರಿಪಡಿಸಿದರೂ ಸುಮಾರು 74 ಪಿಎಸ್‌ನ 690ರ ಹತ್ತಿರಕ್ಕೆ ಉಳಿದ ಮೂರೂ ಬರುವುದಿಲ್ಲ.

ಇಷ್ಟು ದೊಡ್ಡ ಅಂತರಕ್ಕೆ ಕಾರಣ ವಯಸ್ಸು ಮತ್ತು ಉದ್ದೇಶ. ಹೋಂಡಾದ ವಿನ್ಯಾಸ 1993ರದು, ಸುಜುಕಿಯದು 1996ರದು. ಎರಡೂ ನೀರಿನ ರೇಡಿಯೇಟರ್ ಇಲ್ಲದೆ ಗಾಳಿಯಲ್ಲಿ (ಸುಜುಕಿಯದು ಆಯಿಲಿನ ನೆರವಿನಿಂದಲೂ) ತಣಿಯುವ, ಕಾರ್ಬ್ಯುರೇಟರಿನ, ಯಾರು ಬೇಕಾದರೂ ಬಿಚ್ಚಿ ಜೋಡಿಸಬಹುದಾದ ಎಂಜಿನ್ನುಗಳು. ಪ್ಯಾರಿಸ್‌ನಿಂದ ಮರುಭೂಮಿ ದಾಟಿ ಆಫ್ರಿಕಾದ ಡಕಾರ್ ತಲುಪುವ ಓಟವಾದ ಪ್ಯಾರಿಸ್–ಡಕಾರ್ ರ‍್ಯಾಲಿಯ 1979ರ ಮೊದಲ ಆವೃತ್ತಿಯನ್ನು ಸಿರಿಲ್ ನೆವು ಗೆದ್ದದ್ದು ಯಮಾಹಾ ಎಕ್ಸ್‌ಟಿ500 ಎಂಬ ಒಂಟಿ ಸಿಲಿಂಡರ್ ಗಾಡಿಯ ಮೇಲೆ. ಆ ಸರಳ ವಂಶದ ಕುಡಿಗಳು ಇನ್ನೂ ಷೋರೂಮಿನಲ್ಲಿ ಸಿಗುತ್ತಿರುವುದು ನನಗೆ ಬಹಳ ಸಂತೋಷದ ಸಂಗತಿ. ಮುಂದೆ ವೇಗಕ್ಕೆ ಕಡಿವಾಣ ಹಾಕಲೆಂದು ಡಕಾರ್ ಆಯೋಜಕರು ಬೈಕುಗಳನ್ನು 450 ಸಿಸಿಗೆ ಸೀಮಿತಗೊಳಿಸಿದರು. 2015ರಲ್ಲಿ ಆ ರ‍್ಯಾಲಿಯನ್ನು ಪೂರ್ಣಗೊಳಿಸಿದ ಮೊದಲ ಭಾರತೀಯ, ಬೆಂಗಳೂರಿನ ಸಿ.ಎಸ್. ಸಂತೋಷ್, ಓಡಿಸಿದ್ದೂ ಅಂಥದನ್ನೇ.

ಮರುಭೂಮಿಯ ಮರಳು ಮತ್ತು ಕಲ್ಲಿನ ಹಾದಿಯೇ ನಿಮ್ಮ ಗುರಿಯಾಗಿದ್ದರೆ, ಮನೆಯಲ್ಲೇ ಆಯಿಲ್ ಬದಲಿಸುವ ಅಭ್ಯಾಸವಿದ್ದರೆ ಡಿಆರ್650 ತೆಗೆದುಕೊಳ್ಳಿ. ಹೆದ್ದಾರಿಯಲ್ಲಿ ದಿನಗಟ್ಟಲೆ ಹೋಗಿ ನಡುವೆ ಸ್ವಲ್ಪ ಮಣ್ಣು ಮುಟ್ಟುವವರಿಗೆ ಕೆಎಲ್‌ಆರ್ ಸರಿ. 690 ಅದ್ಭುತ ಯಂತ್ರ, ಆದರೆ ಅದರ ಪೆಟ್ರೋಲ್ ಟ್ಯಾಂಕ್ ಸೀಟಿನ ಕೆಳಗೆ, ಹಿಂಬದಿಯ ಚೌಕಟ್ಟಿನಲ್ಲೇ ಇದೆ. ಹಿಂದೆ ಸಾಮಾನು ಹೇರುವವರು ಇದನ್ನು ಗಮನಿಸಬೇಕು.

ಪ್ರಶ್ನೆ: ನನ್ನ ಎತ್ತರ 5 ಅಡಿ 2 ಅಂಗುಲ. ಹಗುರವಾದ ಆದರೆ ಸೀಟು ಎತ್ತರವಿರುವ ಬೈಕು ಒಳ್ಳೆಯದೋ, ಭಾರವಾದ ಆದರೆ ಸೀಟು ತಗ್ಗಿರುವುದೋ? ಒಬ್ಬಳೇ ಹೋದಾಗ ಬೈಕು ಬಿದ್ದರೆ ಎತ್ತುವುದು ಹೇಗೆ?
– ಓದುಗರು, ಮಡಿಕೇರಿ

ಉತ್ತರ: ನಿಂತಿರುವಾಗ ತಗ್ಗು ಸೀಟು ಧೈರ್ಯ ಕೊಡುತ್ತದೆ, ಬಿದ್ದಾಗ ಹಗುರ ಬೈಕು ಕಾಪಾಡುತ್ತದೆ. ಕೆಎಲ್‌ಎಕ್ಸ್ ಸೀಟಿನ ಎತ್ತರ 880 ಮಿಲಿಮೀಟರ್, ಸಾಮಾನ್ಯ ಎಕ್ಸ್‌ಪಲ್ಸ್‌ನದು 825. ಎರಡೂ ಪಾದ ಪೂರ್ತಿ ಊರಬೇಕೆಂಬ ನಿಯಮವೇನೂ ಇಲ್ಲ. ಸೀಟಿನ ಮೇಲೆ ಸೊಂಟವನ್ನು ಎಡಕ್ಕೆ ಸರಿಸಿ ಒಂದೇ ಪಾದವನ್ನು ಭದ್ರವಾಗಿ ಊರಿದರೆ ಸಾಕು, ಬಲಗಾಲು ಬ್ರೇಕಿನ ಮೇಲಿರಲಿ. ಕೊಳ್ಳುವ ಮೊದಲು ಷೋರೂಮಿನಲ್ಲಿ ಒಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಬೈಕನ್ನು ನಿಧಾನವಾಗಿ ವಾಲಿಸಿ ನೋಡಿ. ಯಾವ ಹಂತದಲ್ಲಿ ಹಿಡಿದು ನಿಲ್ಲಿಸಲು ಆಗುವುದಿಲ್ಲವೋ ಆ ಹಂತ ಯಾವ ಬೈಕಿನಲ್ಲಿ ಹೆಚ್ಚು ತಡವಾಗಿ ಬರುತ್ತದೋ ಅದನ್ನೇ ಆರಿಸಿ. ನಿಮಗೆ ಎಕ್ಸ್‌ಪಲ್ಸ್ ಹೊಂದಬಹುದು. ಆದರೆ ಅದರ ಪ್ರೊ ಮಾದರಿ ಬೇಡ, ಸೀಟು ಸುಮಾರು 890 ಮಿಲಿಮೀಟರ್ ಎತ್ತರವಿದೆ.

ಎತ್ತುವ ಕ್ರಮ ಹೀಗೆ. ಮೊದಲು ಎಂಜಿನ್ ಆಫ್ ಮಾಡಿ. ಇಳಿಜಾರಿನಲ್ಲಿ ಚಕ್ರಗಳು ಮೇಲ್ಮುಖವಾಗಿ ಬಿದ್ದಿದ್ದರೆ ಹಾಗೆಯೇ ಎತ್ತಲು ಹೋಗಬೇಡಿ, ಹ್ಯಾಂಡಲ್ ಹಿಡಿದು ಎಳೆದು ಚಕ್ರಗಳು ಕೆಳಗಿನ ಕಡೆಗೆ ಬರುವಂತೆ ತಿರುಗಿಸಿ. ಉರುಳದಂತೆ ಗೇರಿನಲ್ಲಿರಲಿ. ಬಲಕ್ಕೆ ಬಿದ್ದಿದ್ದರೆ ಎತ್ತುವ ಮೊದಲೇ ಸೈಡ್ ಸ್ಟ್ಯಾಂಡ್ ಹೊರಗೆ ತೆಗೆದಿಡಿ, ಇಲ್ಲವಾದರೆ ಎತ್ತಿದ ರಭಸಕ್ಕೆ ಆಚೆ ಬದಿಗೆ ಬೀಳುತ್ತದೆ. ಬೈಕಿಗೆ ಬೆನ್ನು ಕೊಟ್ಟು ಕುಕ್ಕರಗಾಲಿನಲ್ಲಿ ಕುಳಿತು, ಸೊಂಟದ ಕೆಳಭಾಗವನ್ನು ಸೀಟಿಗೆ ಒತ್ತಿ, ಒಂದು ಕೈಯಲ್ಲಿ ಕೆಳಗಿರುವ ಹ್ಯಾಂಡಲ್ ಹಿಡಿಯನ್ನು, ಇನ್ನೊಂದು ಕೈಯಲ್ಲಿ ಹಿಂಬದಿಯ ಚೌಕಟ್ಟನ್ನು ಹಿಡಿದು, ಬೆನ್ನು ನೆಟ್ಟಗಿರಿಸಿ ಕಾಲಿನ ಬಲದಿಂದ ಸಣ್ಣ ಹೆಜ್ಜೆ ಹಿಂದಿಡುತ್ತಾ ನೂಕಿ. ತೋಳಿನಿಂದ ಎತ್ತಲು ಹೋದರೆ ಬೆನ್ನು ಹಿಡಿದುಕೊಳ್ಳುತ್ತದೆ. ಹಿಂದೆ ಕಟ್ಟಿದ ಚೀಲವನ್ನು ಬಿಚ್ಚಿದರೆ ಇನ್ನೂ ಸುಲಭ. ನಿಲ್ಲಿಸಿದ ಮೇಲೆ ಟ್ಯಾಂಕಿನ ಮುಚ್ಚಳದಿಂದ ಪೆಟ್ರೋಲ್ ಸೋರಿದೆಯೇ, ಕ್ಲಚ್ ಮತ್ತು ಬ್ರೇಕ್ ಲಿವರ್ ಬಾಗಿವೆಯೇ ನೋಡಿ. ಸೋರಿದ್ದರೆ ಒರೆಸಿ, ಕೆಲವು ನಿಮಿಷ ಬಿಟ್ಟು ಆಮೇಲೆ ಸ್ಟಾರ್ಟ್ ಮಾಡಿ.