ಹಾರ್ಡ್ ಡಿಸ್ಕಲ್ಲಿರೋ ವಿಂಡೋಸನ್ನ ಹಾಗೇ ಎಸ್‌ಎಸ್‌ಡಿಗೆ ತರಬಹುದಾ?

ನೀವು ಕೇಳಿರೋದು ಇಷ್ಟು: 1 ಟಿಬಿ ಹಾರ್ಡ್ ಡಿಸ್ಕಲ್ಲಿ ವಿಂಡೋಸ್ ಇದೆ, ಒಟ್ಟು ತುಂಬಿರೋದು ಸುಮಾರು 180 ಜಿಬಿ, ಈಗ 500 ಜಿಬಿ ಸಾಟಾ ಎಸ್‌ಎಸ್‌ಡಿ (ತಿರುಗೋ ಭಾಗ ಇಲ್ಲದ ವೇಗದ ಡಿಸ್ಕ್, ಸಾಟಾ ಅಂದ್ರೆ ಕನೆಕ್ಟರ್ ನಮೂನೆ) ತಗೊಂಡಿದೀರಿ, ಯಾವ ಸಾಫ್ಟ್‌ವೇರನ್ನೂ ಮತ್ತೆ ಇನ್‌ಸ್ಟಾಲ್ ಮಾಡದೆ ಇದ್ದದ್ದು ಇದ್ದ ಹಾಗೇ ಹೊಸದಕ್ಕೆ ಹೋಗ್ಬೇಕು. ಖಂಡಿತ ಆಗುತ್ತೆ. ಹೊಸ ಡಿಸ್ಕ್ ಚಿಕ್ಕದಾಯ್ತಲ್ಲ ಅನ್ನೋ ಚಿಂತೆ ಬೇಡ, ತುಂಬಿರೋ ಡೇಟಾ ಹಿಡಿಸಿದ್ರೆ ಸಾಕು. ವಿಂಡೋಸ್ ಲೈಸೆನ್ಸ್ ಬಗ್ಗೆನೂ ಹೆದರ್ಬೇಡಿ, ಡಿಜಿಟಲ್ ಲೈಸೆನ್ಸ್ ಮುಖ್ಯವಾಗಿ ಮದರ್‌ಬೋರ್ಡಿಗೆ ಅಂಟಿಕೊಂಡಿರುತ್ತೆ, ಡಿಸ್ಕ್ ಬದಲಾಯಿಸಿದ್ರೆ ಹೋಗಲ್ಲ.

ಆದ್ರೆ ಸಿ ಡ್ರೈವಲ್ಲಿರೋ ಫೈಲ್‌ಗಳನ್ನ ಸೆಲೆಕ್ಟ್ ಮಾಡಿ ಕಾಪಿ ಹೊಡೆದ್ರೆ ಆಗಲ್ಲ, ಕ್ಲೋನ್ ಮಾಡ್ಬೇಕು, ಅಂದ್ರೆ ಇದ್ದ ಹಾಗೇ ನಕಲು ತೆಗೀಬೇಕು, ಅದೂ ಪೂರ್ತಿ ಡಿಸ್ಕನ್ನ. ಯಾಕೆ ಅಂತ ನೋಡೋಕೆ ವಿಂಡೋಸಲ್ಲೇ ಇರೋ ಡಿಸ್ಕ್ ಮ್ಯಾನೇಜ್‌ಮೆಂಟ್ ಓಪನ್ ಮಾಡಿ. ಸಿ ಪಕ್ಕದಲ್ಲಿ ಡ್ರೈವ್ ಅಕ್ಷರನೇ ಇಲ್ಲದ, 100 ಎಂಬಿನೋ ಸ್ವಲ್ಪ ಜಾಸ್ತಿನೋ ಇರೋ ಒಂದು ಚಿಕ್ಕ ತುಂಡು ಕಾಣುತ್ತೆ, ಇಎಫ್‌ಐ ಸಿಸ್ಟಂ ಪಾರ್ಟಿಷನ್ ಅಂತ. (ಹಳೇ ಲೆಗಸಿ ಮೋಡ್ ಮಷೀನಾದ್ರೆ ಸಿಸ್ಟಂ ರಿಸರ್ವ್ಡ್ ಅಂತಿರಬಹುದು.) ಪವರ್ ಬಟನ್ ಒತ್ತಿದಾಗ ಮದರ್‌ಬೋರ್ಡ್ ಹುಡುಕೋದು ಸಿ ಡ್ರೈವನ್ನಲ್ಲ, ಈ ತುಂಡನ್ನ. ಇದರೊಳಗಿರೋ ಬೂಟ್‌ಲೋಡರ್ ಸಿ ಎಲ್ಲಿದೆ ಅಂತ ಹೇಳಿದ ಮೇಲೇ ವಿಂಡೋಸ್ ಏಳೋದು.

ನಾನು ಮೊದಲನೇ ಸಲ ಎಡವಿದ್ದೇ ಇಲ್ಲಿ. ಸಿ ಒಂದನ್ನೇ ಎಸ್‌ಎಸ್‌ಡಿಗೆ ಕ್ಲೋನ್ ಮಾಡಿ, ಹಳೇ ಡಿಸ್ಕಲ್ಲಿದ್ದ ಬೂಟ್‌ಲೋಡರ್‌ಗೇ ಹೊಸ ಸಿ ತೋರಿಸಿಬಿಟ್ಟಿದ್ದೆ, ಎರಡೂ ಡಿಸ್ಕ್ ಒಳಗೇ ಇದ್ವು, ಮಷೀನ್ ಜೋರಾಗಿ ಓಡ್ತಿತ್ತು, ಹತ್ತು ದಿನ ಏನೂ ತೊಂದ್ರೆ ಇರಲಿಲ್ಲ, ಇನ್ನು ಹಳೇದು ಯಾಕೆ ಅಂತ ವಿಂಡೋಸ್ ಪೆನ್‌ಡ್ರೈವಿಂದ ಬೂಟ್ ಮಾಡಿ ಡಿಸ್ಕ್‌ಪಾರ್ಟ್ ಅನ್ನೋ ಕಮಾಂಡಲ್ಲಿ ಅದನ್ನ ಪೂರ್ತಿ ಕ್ಲೀನ್ ಮಾಡ್ದೆ. ಮುಂದಿನ ಸಲ ಆನ್ ಮಾಡಿದಾಗ ಕಪ್ಪು ಸ್ಕ್ರೀನು, ಮೇಲ್ಗಡೆ ಬಿಳಿ ಅಕ್ಷರದಲ್ಲಿ ಬೂಟ್ ಆಗೋ ಡಿವೈಸ್ ಇಲ್ಲ ಅಂತ ಒಂದೇ ಸಾಲು. ಡೇಟಾ ಎಲ್ಲಾ ಎಸ್‌ಎಸ್‌ಡಿಯಲ್ಲೇ ಭದ್ರವಾಗಿತ್ತು, ದಾರಿ ತೋರಿಸೋ ಆ ಚಿಕ್ಕ ತುಂಡು ಮಾತ್ರ ಹೋಗಿತ್ತು. ವಿಂಡೋಸ್ ಪೆನ್‌ಡ್ರೈವಿಂದ ಬೂಟ್ ಮಾಡಿ, ಶಿಫ್ಟ್ ಎಫ್10 ಒತ್ತಿ ಕಮಾಂಡ್ ಪ್ರಾಂಪ್ಟ್ ತಗೊಂಡು, ಸಿ ಇಂದ ಒಂಚೂರು ಜಾಗ ಕಿತ್ತು ಹೊಸ ಇಎಫ್‌ಐ ಪಾರ್ಟಿಷನ್ ಮಾಡಿ, ಬೂಟ್ ಫೈಲ್‌ಗಳನ್ನ ಮತ್ತೆ ಬರೆಯೋ ಬಿಸಿಡಿಬೂಟ್ ಕಮಾಂಡ್ ಕೊಟ್ಟ ಮೇಲೆ ಸರಿ ಹೋಯ್ತು. ಆ ಸಂಕಟ ನಿಮಗೆ ಬೇಡ ಅಂತಾನೇ ಇಷ್ಟುದ್ದ ಬರೀತಿದೀನಿ.

ಶುರು ಮಾಡೋ ಮುಂಚೆ ಮುಖ್ಯವಾದ ಫೈಲ್‌ಗಳನ್ನ ಮೂರನೇ ಒಂದು ಕಡೆ ಬ್ಯಾಕಪ್ ಇಟ್ಕೊಳ್ಳಿ. ಕ್ಲೋನ್ ಮಾಡುವಾಗ ಸೋರ್ಸ್ (ಹಳೇದು) ಯಾವುದು ಟಾರ್ಗೆಟ್ (ಹೊಸದು) ಯಾವುದು ಅಂತ ಅದಲು ಬದಲಾದ್ರೆ ಖಾಲಿ ಡಿಸ್ಕ್ ಹೋಗಿ ತುಂಬಿದ್ದರ ಮೇಲೆ ಕೂತ್ಕೊಳ್ಳುತ್ತೆ, ಅಷ್ಟೇ ಕಥೆ. ಆಮೇಲೆ ಕ್ರಿಸ್ಟಲ್ ಡಿಸ್ಕ್ ಇನ್ಫೋ ಅನ್ನೋ ಸಾಫ್ಟ್‌ವೇರಲ್ಲಿ ಹಳೇ ಡಿಸ್ಕಿನ ಆರೋಗ್ಯ ನೋಡಿ, ಪೆಂಡಿಂಗ್ ಸೆಕ್ಟರ್ (ಸರಿಯಾಗಿ ಓದೋಕಾಗದ ಜಾಗ) ಅನ್ನೋ ಕಡೆ ಸೊನ್ನೆ ಬಿಟ್ಟು ಬೇರೆ ಇದ್ರೆ ಕ್ಲೋನ್ ಅರ್ಧಕ್ಕೆ ನಿಲ್ಲೋ ಸಾಧ್ಯತೆ ಇದೆ, ಹಾಗಿದ್ರೆ ಮೊದಲು ಡೇಟಾ ಉಳಿಸ್ಕೊಳ್ಳಿ, ವಿಂಡೋಸ್ ಹೊಸದಾಗೇ ಹಾಕಿ. ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕೋ ವಿಂಡೋಸ್ ಫೀಚರ್) ಆನ್ ಇದ್ರೆ ರಿಕವರಿ ಕೀ ಬರೆದಿಟ್ಕೊಂಡು ಆಫ್ ಮಾಡಿ.

ಟೂಲ್ ವಿಚಾರಕ್ಕೆ ಬಂದ್ರೆ, ನಿಮ್ಮ ಎಸ್‌ಎಸ್‌ಡಿ ಕಂಪನಿಯದ್ದೇ ಕ್ಲೋನ್ ಸಾಫ್ಟ್‌ವೇರ್ ಇದ್ಯಾ ನೋಡಿ, ಸಾಮಾನ್ಯವಾಗಿ ಅವು ದೊಡ್ಡ ಪಾರ್ಟಿಷನನ್ನ ತಾವೇ ಕುಗ್ಗಿಸಿ ಕೂರಿಸ್ತವೆ. ಕ್ಲೋನ್‌ಜಿಲ್ಲಾ ಉಚಿತ, ನಂಬಿಕಸ್ತ, ಆದ್ರೆ ಟಾರ್ಗೆಟ್ ಡಿಸ್ಕ್ ಸೋರ್ಸಿನಷ್ಟೇ ಅಥವಾ ಅದಕ್ಕಿಂತ ದೊಡ್ಡದಿರ್ಬೇಕು ಅನ್ನುತ್ತೆ, ನಿಮ್ಮದು ಉಲ್ಟಾ, ಹಾಗಾಗಿ ನಿಮಗೆ ನಾನು ಅದನ್ನ ಹೇಳಲ್ಲ. ಲ್ಯಾಪ್‌ಟಾಪಾದ್ರೆ ಯುಎಸ್‌ಬಿಯಿಂದ ಸಾಟಾಗೆ ಹೋಗೋ ಒಂದು ಕೇಬಲ್ ಬೇಕು, ಯುಎಸ್‌ಬಿ 3 ಪೋರ್ಟಿಗೇ ಹಾಕಿ. 180 ಜಿಬಿಗೆ ಒಂದು ಗಂಟೆ ಆಸುಪಾಸು ಹಿಡಿಯಬಹುದು, ಲ್ಯಾಪ್‌ಟಾಪ್ ಚಾರ್ಜರ್‌ಗೆ ಹಾಕೇ ಇರಲಿ, ಸ್ಲೀಪ್ ಆಫ್ ಮಾಡಿ.

ಕ್ಲೋನ್ ಮುಗೀತಾ, ಈಗ ಶಟ್‌ಡೌನ್ ಮಾಡಿ ಹಳೇ ಡಿಸ್ಕಿನ ಕೇಬಲ್ ಕಿತ್ತುಬಿಡಿ, ಲ್ಯಾಪ್‌ಟಾಪಾದ್ರೆ ಹಳೇದನ್ನ ತೆಗೆದು ಆ ಜಾಗಕ್ಕೆ ಎಸ್‌ಎಸ್‌ಡಿ ಕೂರಿಸಿ. ಇದೊಂದನ್ನ ಮಾತ್ರ ದಯವಿಟ್ಟು ಬಿಡ್ಬೇಡಿ. ಎಸ್‌ಎಸ್‌ಡಿ ಒಂದೇ ಇದ್ದಾಗ ವಿಂಡೋಸ್ ಬಂತು ಅಂದ್ರೆ ಬೂಟ್‌ಲೋಡರ್ ಸಮೇತ ಎಲ್ಲಾ ಬಂದಿದೆ ಅಂತ, ಬರ್ಲಿಲ್ಲ ಅಂದ್ರೂ ಹಳೇ ಡಿಸ್ಕ್ ಹಾಗೇ ಕೈಯಲ್ಲಿದೆ. ಎರಡನ್ನೂ ಒಟ್ಟಿಗೇ ಬಿಟ್ಟು ಬೂಟ್ ಮಾಡಿದ್ರೆ ಎರಡಕ್ಕೂ ಗುರುತು ಒಂದೇ ಆಗಿರೋದ್ರಿಂದ ವಿಂಡೋಸ್ ಒಂದನ್ನ ಆಫ್‌ಲೈನ್ ಮಾಡಬಹುದು, ಎದ್ದಿದ್ದು ಯಾವುದರಿಂದ ಅಂತಾನೂ ಗೊತ್ತಾಗಲ್ಲ. ಏಳ್ಲಿಲ್ಲ ಅಂದ್ರೆ ಬಯೋಸಿಗೆ (ಮದರ್‌ಬೋರ್ಡಿನ ಸೆಟ್ಟಿಂಗ್ಸ್) ಹೋಗಿ ಬೂಟ್ ಆರ್ಡರಲ್ಲಿ ವಿಂಡೋಸ್ ಬೂಟ್ ಮ್ಯಾನೇಜರ್ ಮೇಲಕ್ಕೆ ತನ್ನಿ.

ಎದ್ದ ಮೇಲೆ ಆಪ್ಟಿಮೈಸ್ ಡ್ರೈವ್ಸ್ ತೆಗೆದು ಸಿ ಮುಂದೆ ಸಾಲಿಡ್ ಸ್ಟೇಟ್ ಡ್ರೈವ್ ಅಂತ ಬಂದಿದ್ಯಾ ನೋಡಿ, ಬಂದಿದ್ರೆ ಟ್ರಿಮ್ ಕೆಲಸ (ಅಳಿಸಿದ ಜಾಗ ಖಾಲಿ ಅಂತ ಎಸ್‌ಎಸ್‌ಡಿಗೆ ತಿಳಿಸೋದು) ವಿಂಡೋಸೇ ನೋಡ್ಕೊಳ್ಳುತ್ತೆ. ಹಳೇ ಡಿಸ್ಕನ್ನ ಎರಡು ವಾರ ಹಾಗೇ ಎತ್ತಿಡಿ. ಅಷ್ಟು ದಿನದಲ್ಲಿ ನಿಮ್ಮ ಸಾಫ್ಟ್‌ವೇರೆಲ್ಲಾ ಒಂದ್ಸಲ ಓಪನ್ ಆಗಿರುತ್ತೆ, ಯಾವುದಾದ್ರೂ ಕೈಕೊಟ್ರೆ ಗೊತ್ತಾಗಿರುತ್ತೆ, ಆಮೇಲೆ ಕೇಬಲ್ ವಾಪಸ್ ಹಾಕಿ, ಎದ್ದಿದ್ದು ಎಸ್‌ಎಸ್‌ಡಿಯಿಂದಲೇ ಅಂತ ಖಚಿತ ಮಾಡ್ಕೊಂಡು, ಹಳೇದನ್ನ ಫಾರ್ಮ್ಯಾಟ್ ಮಾಡಿ.