ಸೆನ್ಸರ್ ಬ್ಯಾಟರಿ ಉಳಿಸಲು ಕ್ಯೂ-ಲರ್ನಿಂಗ್ ಒಳ್ಳೆಯದೋ, ಫೆಡರೇಟೆಡ್ ಲರ್ನಿಂಗೋ?

ಪುಣೆಯ ಪಾಲಿಹೌಸಿನಲ್ಲಿ (ಪ್ಲಾಸ್ಟಿಕ್ ಹೊದಿಕೆಯ ಹಸಿರುಮನೆ) ಎರಡು ಎಎ ಸೆಲ್ಲಿನ ನೋಡ್‌ಗಳನ್ನು, ಅಂದರೆ ಸೆನ್ಸರ್ ಮತ್ತು ರೇಡಿಯೊ ಇರುವ ಪುಟ್ಟ ಡಬ್ಬಿಗಳನ್ನು, ಇಟ್ಟಿದ್ದೀರಿ, ಬ್ಯಾಟರಿ ಬೇಗ ಖಾಲಿಯಾಗುತ್ತಿದೆ. ಬಹುಮಾನ-ದಂಡ ನೋಡುತ್ತ ಪ್ರತಿ ನೋಡೂ ತಾನೇ ಕಲಿಯುವ ಕ್ಯೂ-ಲರ್ನಿಂಗ್ ಹಾಕಲೋ, ನೋಡ್‌ಗಳು ತಾವು ಕಲಿತ ಮಾಡೆಲ್ಲನ್ನು ಕಳಿಸಿ ಒಂದಾಗಿ ಸೇರಿಸಿಕೊಳ್ಳುವ ಫೆಡರೇಟೆಡ್ ಲರ್ನಿಂಗ್ ಹಾಕಲೋ ಎಂದು ಕೇಳಿದ್ದೀರಿ. ಥೇಟ್ ನನ್ನ ಎಂ.ಟೆಕ್ ಪ್ರಾಜೆಕ್ಟೇ! ನನ್ನದು ತಳೇಗಾವ್ ಹತ್ತಿರದ ಗುಲಾಬಿ ಪಾಲಿಹೌಸ್, ಟೆಲೋಸ್‌ಬಿ ನೋಡ್‌ಗಳು.

ಟೆಲೋಸ್‌ಬಿಯಲ್ಲಿರುವ ಸಿಸಿ2420 ರೇಡಿಯೊ ಚಿಪ್ ಕಳಿಸುವಾಗ 17.4 ಮಿಲಿಆಂಪ್ ತಿನ್ನುತ್ತದೆ, ಕೇಳುವಾಗ 18.8. ಅಂದರೆ ಯಾರೂ ಮಾತಾಡದಿದ್ದರೂ ಸುಮ್ನೆ ಕಿವಿ ತೆರೆದು ಕೂತರೆ ಮಾತಾಡಿದ್ದಕ್ಕಿಂತ ಜಾಸ್ತಿ ಖರ್ಚು. ಹಾಗಾಗಿ ಯಾವ ಸ್ಲಾಟಿನಲ್ಲಿ (ಸಮಯದ ತುಣುಕಿನಲ್ಲಿ) ಏಳಬೇಕು, ಯಾವಾಗ ರೇಡಿಯೊ ಆರಿಸಿ ಮಲಗಬೇಕು ಅಂತ ಪ್ರತಿ ನೋಡೂ ತಾನೇ ಕಲಿಯಲಿ ಎಂದು ಬಿಟ್ಟೆ. ಸುಮ್ನೆ ಕೇಳಿದರೆ ದಂಡ, ಪ್ಯಾಕೆಟ್ ಡಿಕ್ಕಿಯಾದರೆ ದಂಡ, ಬ್ಯಾಟರಿ ಉಳಿಸಿದರೆ ಬಹುಮಾನ.

ಎಡವಟ್ಟಾದದ್ದು ಆ ಬಹುಮಾನದಲ್ಲೇ. ಪ್ರತಿ ನೋಡೂ ತನ್ನ ಬ್ಯಾಟರಿಯನ್ನಷ್ಟೇ ನೋಡುತ್ತಿತ್ತು. ಮಲಗಿದವರಿಗೆ ದಂಡವೇ ಇಲ್ಲ, ಅಲ್ವಾ? ಎಲ್ಲ ಡೇಟಾ ಬಂದು ಸೇರುವ ಗೇಟ್‌ವೇ ಪಕ್ಕದ ನೋಡ್‌ಗಳು ಚೆನ್ನಾಗಿ ಮಲಗುವುದನ್ನು ಕಲಿತವು. ಹಿಂದಿನ ಸಾಲಿನವು ಡೇಟಾ ಕಳಿಸಬೇಕಾದ್ದು ಅವುಗಳ ಮೂಲಕವೇ. ಉತ್ತರ ಬರುವುದಿಲ್ಲ, ಮತ್ತೆ ಕಳಿಸುತ್ತವೆ, ಮತ್ತೆ ಕಾಯುತ್ತವೆ. ಕಾಯುವಾಗೆಲ್ಲ ಅದೇ 18.8. ಮುಂದಿನವು ಉಳಿಸಿದ್ದರ ಬಿಲ್ಲನ್ನು ಹಿಂದಿನವು ಕಟ್ಟಿದವು. ನನ್ನ ಗ್ರಾಫ್ ಮಾತ್ರ ಚಂದವೋ ಚಂದ, ಯಾಕೆಂದರೆ ಸತ್ತ ನೋಡಿನ ಲೆಕ್ಕ ಗೇಟ್‌ವೇಗೆ ಬರುವುದೇ ಇಲ್ಲ! ಅಲ್ಲಿ ಕೆಲಸಕ್ಕಿದ್ದ ವಿಜಯಪುರದ ಕಾಕಾ ಫೋನ್ ಮಾಡಿ, "ತಮ್ಮಾ, ಹಿಂದಿನ ಡಬ್ಬಿ ಒಂದೂ ಮಿಣಕವಲ್ದಲ್ಲೋ" ಅಂದಾಗಲೇ ಗೊತ್ತಾದದ್ದು. ಒಂದು ಸೆಮಿಸ್ಟರ್ ಹಾಳು.

ಇದಕ್ಕೆ ಮದ್ದು ಬ್ರಸೆಲ್ಸ್‌ನ ಸಂಶೋಧಕ ಮಿಹಾಯ್ಲೊವ್ ಮತ್ತು ಜೊತೆಗಾರರ ಕೆಲಸದಲ್ಲಿದೆ, ಅದನ್ನು ಓದಿ ನೋಡಿ, 2009ರ ಸುಮಾರಿನದು. ನೋಡಿನ ಬಹುಮಾನದಲ್ಲಿ ಅದರಿಂದ ತೊಂದರೆಗೊಳಗಾಗುವ ಅಕ್ಕಪಕ್ಕದ ನೋಡ್‌ಗಳ ಖರ್ಚೂ ಸೇರಬೇಕು. ಆಗ ಒಂದೇ ದಾರಿಯವು ಒಟ್ಟಿಗೆ ಏಳಲು ಕಲಿಯುತ್ತವೆ, ಪಕ್ಕದ ದಾರಿಯವು ಬೇರೆ ಹೊತ್ತಿಗೆ. ಗೇಟ್‌ವೇ ಯಾರಿಗೂ ಹುಕುಂ ಕೊಡಬೇಕಿಲ್ಲ. ಆ ಖರ್ಚಿನ ಲೆಕ್ಕವನ್ನು ಹೇಗೂ ಹೋಗುವ ಪ್ಯಾಕೆಟ್ಟಿನಲ್ಲೇ ತುರುಕಿ, ಅದಕ್ಕೆಂದು ಬೇರೆ ಪ್ಯಾಕೆಟ್ ಬೇಡ.

ಕ್ಯೂ-ಲರ್ನಿಂಗೋ ಫೆಡರೇಟೆಡ್ಡೋ ಎಂದು ತಲೆ ಕೆಡಿಸಿಕೊಳ್ಳುವುದೇ ವ್ಯರ್ಥ. ಟೆಲೋಸ್‌ಬಿಯ ರ‍್ಯಾಮ್ 10 ಕೆಬಿ. ಆಗ ಏಳುವುದು ಎಷ್ಟು ಲಾಭ ಎಂದು ಸ್ಲಾಟಿಗೊಂದು ಅಂಕಿ ಇಟ್ಟುಕೊಂಡರೆ ಸಾಕು. ಬ್ಯಾಟರಿ ಉಳಿಸಲು ಮಾಡೆಲ್ಲನ್ನೇ ರೇಡಿಯೊದಲ್ಲಿ ಆಚೀಚೆ ಓಡಾಡಿಸುವುದು ಎಂಥ ಲೆಕ್ಕ?

ಮೊದಲು ಪುಣೆಯ ಬುಧವಾರ ಪೇಟೆಯ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋಗಿ ಒಂದು 10 ಓಮ್ ರೆಸಿಸ್ಟರ್ ತನ್ನಿ. ಸೆಲ್ಲಿನ ಜೊತೆ ಸೀರೀಸ್‌ನಲ್ಲಿ ಹಾಕಿ, ಅದರ ಎರಡು ತುದಿಗಳ ನಡುವಿನ ವೋಲ್ಟೇಜನ್ನು ಆಸಿಲೋಸ್ಕೋಪಿನಲ್ಲಿ ನೋಡಿ. ಟೆಲೋಸ್‌ಬಿ ಆದರೆ ರೇಡಿಯೊ ಎದ್ದಾಗ 200 ಮಿಲಿವೋಲ್ಟ್ ಆಸುಪಾಸು ಕಾಣಬೇಕು. ಮಲ್ಟಿಮೀಟರ್ ನೆಚ್ಚಬೇಡಿ, ಅಷ್ಟು ಚಿಕ್ಕ ಹೊತ್ತು ಎದ್ದು ಮಲಗುವುದು ಅದಕ್ಕೆ ಸಿಗುವುದಿಲ್ಲ. ಅಳೆಯುವುದಾದರೆ ಹಿಂದಿನ ಸಾಲಿನ ನೋಡನ್ನೇ ಅಳೆಯಿರಿ.