ಒಂದೇ ಹಾಳೆಯ ಫೈಲು

ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬಂಜೆತನದ ಚಿಕಿತ್ಸೆಯಲ್ಲಿರುವವರಿಗೆ ಆಪ್ತಸಲಹೆ ಕೊಡುವವಳು ನಾನು. ಇದೇ ಬಗೆಯ ಮೂರನೆಯ ದಂಪತಿ ನನ್ನೆದುರು ಕೂತು ಎದ್ದುಹೋದ ಮೇಲೆ ಬರೆಯದೆ ಇರಲು ಆಗಲಿಲ್ಲ.

ಆಕೆಗೆ 33, ಆತನಿಗೆ 36. ಮದುವೆಯಾಗಿ ಐದು ವರ್ಷ. ಎರಡು ಸಲ ಇಕ್ಸಿ, ಅಂದರೆ ಒಂದೇ ವೀರ್ಯಾಣುವನ್ನು ಲ್ಯಾಬಿನಲ್ಲಿ ಅಂಡಾಣುವಿನೊಳಗೆ ಸೇರಿಸುವ ಚಿಕಿತ್ಸೆ, ಮಾಡಿಸಿ ಎರಡೂ ಫಲಿಸಿರಲಿಲ್ಲ. ಮೂರನೆಯದಕ್ಕೆ ಮುಂಚೆ ಹೆಂಡತಿಗೆ ಸ್ವಲ್ಪ ಧೈರ್ಯ ಹೇಳಿ ಎಂದು ಆತನೇ ಕರೆತಂದಿದ್ದ. ಮೊದಲ ಎರಡು ಭೇಟಿಯಲ್ಲಿ ನಾನೂ ಆಕೆಯ ನಿದ್ದೆ, ಆಕೆಯ ಅಳು ಎಂದೇ ಮಾತಾಡಿಸಿದೆ. ಅದು ನನ್ನ ತಪ್ಪು.

ಮೂರನೆಯ ಭೇಟಿಯಲ್ಲಿ ಆಕೆ ಫೈಲನ್ನು ಮೇಜಿನ ಮೇಲಿಟ್ಟು ಬಿಚ್ಚಿದಳು. ಸ್ಕ್ಯಾನು, ರಕ್ತಪರೀಕ್ಷೆ, ಲ್ಯಾಪ್ರೊಸ್ಕೋಪಿ, ಒಂದರ ಮೇಲೊಂದು. ಕೊನೆಯಲ್ಲಿ ಒಂದು ಹಾಳೆ ಎಳೆದು ಪಕ್ಕಕ್ಕಿಟ್ಟಳು. "ಮೇಡಂ, ಇಷ್ಟೂ ನನ್ನದು. ಇದೊಂದು ಇವರದು. ತೊಂದರೆ ಇರೋದು ಈ ಹಾಳೇಲಿ ಅಂತಾರೆ."

ಹಾಳೆಯಲ್ಲಿ ಎರಡು ಫಲಿತಾಂಶಗಳಿದ್ದವು. ಮೊದಲ ಸಲ ಒಂದು ಮಿಲಿಲೀಟರಿಗೆ 90 ಲಕ್ಷ ವೀರ್ಯಾಣು. ಆರು ತಿಂಗಳ ನಂತರ ಎಣಿಕೆಗೇ ಸಿಗದಷ್ಟು ಕಡಿಮೆ. ಇಷ್ಟೊಂದು ಕುಸಿದದ್ದು ಯಾಕೆಂದು ಯಾರೂ ಕೇಳಿರಲಿಲ್ಲ. ನಾನು ಕೇಳಿದೆ. ಔಷಧಿ ಏನಾದರೂ? ಇಲ್ಲ. ಇಂಜೆಕ್ಷನ್?

ಆತ ಹೆಂಡತಿಯ ಕಡೆ ನೋಡಲಿಲ್ಲ. "ಮೊದಲನೇ ರಿಪೋರ್ಟ್ ಬಂದಮೇಲೆ ಜಿಮ್‌ನಲ್ಲಿ ಒಬ್ಬರು ಹೇಳಿದ್ರು. ವಾರಕ್ಕೊಂದು ಟೆಸ್ಟೋಸ್ಟಿರಾನ್. ಗಂಡಸಿನ ಹಾರ್ಮೋನೇ ಅಲ್ವಾ ಮೇಡಂ, ಒಳ್ಳೇದೇ ಆಗುತ್ತೆ ಅಂದ್ಕೊಂಡೆ."

ಮೋಸ ಮಾಡುವ ಮನಸ್ಸು ಆತನಿಗಿರಲಿಲ್ಲ. ಸರಿಪಡಿಸಿಕೊಳ್ಳಲು ಹೊರಟಿದ್ದ. ಆದರೆ 1990ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಇದೇ ಹಾರ್ಮೋನನ್ನು ವಾರಕ್ಕೊಮ್ಮೆ ಕೊಟ್ಟು ನೋಡಿದ್ದು ಗಂಡಸರ ಗರ್ಭನಿರೋಧಕವಾಗಿ. ಇಂಜೆಕ್ಷನ್ ಪಡೆದ 271 ಆರೋಗ್ಯವಂತರಲ್ಲಿ 157 ಮಂದಿಗೆ ವೀರ್ಯಾಣು ಪೂರ್ತಿ ನಿಂತುಹೋಯಿತು. ಹೊರಗಿನಿಂದ ಹಾರ್ಮೋನು ಬಂದರೆ ರಕ್ತದಲ್ಲಿ ಸಾಕಷ್ಟಿದೆ ಎಂದು ಮಿದುಳು ತಿಳಿಯುತ್ತದೆ, ಪಿಟ್ಯುಟರಿ ಗ್ರಂಥಿ ವೃಷಣಕ್ಕೆ ಕಳಿಸುವ ಎಲ್‌ಎಚ್, ಎಫ್‌ಎಸ್‌ಎಚ್ ಎಂಬ ಸಂದೇಶ ಹಾರ್ಮೋನುಗಳನ್ನು ನಿಲ್ಲಿಸುತ್ತದೆ. ವೀರ್ಯಾಣು ತಯಾರಾಗಲು ಬೇಕಾದದ್ದು ವೃಷಣದೊಳಗೇ ಹುಟ್ಟುವ ಟೆಸ್ಟೋಸ್ಟಿರಾನ್. ಅಲ್ಲಿ ಅದರ ಪ್ರಮಾಣ ರಕ್ತದಲ್ಲಿರುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿರಬೇಕು. ಸೂಜಿಯಿಂದ ಅದು ತುಂಬುವುದಿಲ್ಲ, ಬತ್ತುತ್ತದೆ.

ಇದನ್ನು ಹೇಳಿ ಮುಗಿಸಿದಾಗ ಆಕೆ ಗಂಡನಿಗೆ ಹೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ. "ಇಕ್ಸಿಗೆ ಅಂತ ದಿನಾ ರಾತ್ರಿ ನನ್ನ ಹೊಟ್ಟೆಗೆ ಸೂಜಿ ಹಾಕ್ತಿದ್ದವರು ನೀವೇ. ಆಗಲಾದ್ರೂ ಹೇಳಬಹುದಿತ್ತು."

ತುಂಬಾ ಹೊತ್ತು ಯಾರೂ ಮಾತಾಡಲಿಲ್ಲ. ಆತ ಅತ್ತ. ನಾನು ಸಮಾಧಾನ ಮಾಡಲು ಹೋಗಲಿಲ್ಲ.

ನಾನು ಕೊಟ್ಟ ಸಲಹೆ ಇಷ್ಟು: ಆ ಇಂಜೆಕ್ಷನ್ ಬಾಟಲಿ ಸಮೇತ ಪುರುಷರ ಬಂಜೆತನ ನೋಡುವ ತಜ್ಞರ ಬಳಿ ಆತ ಹೋಗಬೇಕು. ತಾನೇ ತಟ್ಟನೆ ನಿಲ್ಲಿಸಬಾರದು, ಕೆಲವರಿಗೆ ವಿಪರೀತ ಆಯಾಸ, ಮಂಕು ಕವಿಯುವುದುಂಟು. ಹೇಗೆ ನಿಲ್ಲಿಸಬೇಕು, ವೃಷಣವನ್ನು ಮತ್ತೆ ಎಬ್ಬಿಸಲು ಔಷಧಿ ಬೇಕೇ ಎಂಬುದನ್ನು ವೈದ್ಯರು ಹೇಳುತ್ತಾರೆ. ಮೂರನೆಯ ಇಕ್ಸಿಯನ್ನು ಮುಂದೂಡಬಹುದೇ ಎಂದು ಇಬ್ಬರೂ ಜೊತೆಯಾಗಿ ಹೋಗಿ ಕೇಳಬೇಕು.

ಇದಕ್ಕೆ ಆಕ್ಷೇಪ ಬಂತು. 33 ವರ್ಷದವಳನ್ನು ಕಾಯಿಸುವ ಮಾತನ್ನು ಆಪ್ತಸಲಹೆಗಾರರು ಎತ್ತಬಹುದೇ ಎಂದು ನಾನು ಗೌರವಿಸುವ ವೈದ್ಯರೊಬ್ಬರೇ ಕೇಳಿದರು. ನಿರ್ಧಾರ ನನ್ನದಲ್ಲ, ಒಪ್ಪುತ್ತೇನೆ. ಆದರೆ ಒಂದು ವೀರ್ಯಾಣು ರೂಪುಗೊಳ್ಳಲು ಸುಮಾರು 74 ದಿನ ಬೇಕು. ಮೂರು ತಿಂಗಳಿಗೆ ಮುಂಚೆ ಯಾವ ಬದಲಾವಣೆಯೂ ರಿಪೋರ್ಟಿನಲ್ಲಿ ಸರಿಯಾಗಿ ಕಾಣುವುದಿಲ್ಲ. ಪೂರ್ತಿ ಚೇತರಿಕೆಗೆ ಒಂದು ವರ್ಷ, ಕೆಲವರಿಗೆ ಅದಕ್ಕಿಂತ ಹೆಚ್ಚೂ ಹಿಡಿಯಬಹುದು. ಆಕೆಗೆ 40 ಆಗಿದ್ದರೆ ನಾನು ಅಷ್ಟು ಒತ್ತಿ ಹೇಳುತ್ತಿರಲಿಲ್ಲ. ಇಲ್ಲಿ ಪ್ರಶ್ನೆಯನ್ನೇ ಕೇಳದೆ ಆಕೆಯ ಮೈಮೇಲೆ ಇನ್ನೊಂದು ಸುತ್ತು ಹಾರ್ಮೋನು ಸುರಿಯುವುದು ಅನ್ಯಾಯ ಎಂದು ಆಗಲೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ.

ಇಕ್ಸಿಯ ಬಗ್ಗೆಯೇ ನನಗೆ ತಕರಾರಿಲ್ಲ. 1992ರಲ್ಲಿ ಬ್ರಸೆಲ್ಸ್‌ನಲ್ಲಿ ಜಾನ್‌ಪಿಯೆರೊ ಪಲೆರ್ಮೊ ಮತ್ತು ಸಂಗಡಿಗರು ಒಂದೇ ವೀರ್ಯಾಣುವನ್ನು ಅಂಡಾಣುವಿನೊಳಗೆ ಸೇರಿಸಿ ಗರ್ಭ ಕಟ್ಟುವಂತೆ ಮಾಡಿದ್ದನ್ನು ವರದಿ ಮಾಡಿದರು. ಅಲ್ಲಿಯವರೆಗೆ ದಾನಿಯ ವೀರ್ಯ ಅಥವಾ ದತ್ತು ಬಿಟ್ಟರೆ ದಾರಿಯಿಲ್ಲದ ಎಷ್ಟೋ ಗಂಡಸರು ಆ ಮೇಲೆ ತಮ್ಮದೇ ಮಗುವನ್ನು ಎತ್ತಿಕೊಂಡರು. ಆ ಸಾಧನೆಯ ಬಗ್ಗೆ ನನಗೆ ಅಪಾರ ಗೌರವವಿದೆ. ನನ್ನ ತಕರಾರು ಆಮೇಲೆ ಬೆಳೆದ ಅಭ್ಯಾಸದ ಮೇಲೆ: ಒಂದು ವೀರ್ಯಾಣು ಸಿಕ್ಕರೆ ಸಾಕು ಎಂದಾದ ಮೇಲೆ ಗಂಡಸನ್ನು ಮುಟ್ಟಿ ಪರೀಕ್ಷಿಸುವುದು, ಆತನ ಮಾತು ಕೇಳುವುದು ಎಷ್ಟೋ ಕಡೆ ಬಿಟ್ಟೇಹೋಯಿತು. ಬಂಜೆತನದ ಸುಮಾರು ಅರ್ಧದಷ್ಟು ಪ್ರಕರಣಗಳಲ್ಲಿ ಗಂಡಸಿನ ಕಡೆಯ ಕಾರಣ ಒಂಟಿಯಾಗಿಯೋ ಜೊತೆಯಾಗಿಯೋ ಇರುತ್ತದೆ. ವೃಷಣದ ರಕ್ತನಾಳ ಉಬ್ಬಿದ್ದರೆ ಕೈಯಿಂದ ಮುಟ್ಟಿ ನೋಡಿದರೇ ಎಷ್ಟೋ ಸಲ ಗೊತ್ತಾಗುತ್ತದೆ. ಈತನನ್ನು ಅಷ್ಟು ಕೂಡ ಯಾರೂ ನೋಡಿರಲಿಲ್ಲ.

ಈಗ ಮೊದಲ ಭೇಟಿಯಲ್ಲೇ ಇಬ್ಬರನ್ನೂ ಬೇರೆಬೇರೆಯಾಗಿ ಕೂರಿಸಿ ಕೇಳುತ್ತೇನೆ. ಔಷಧಿ ಎಂದರೆ ಗಂಡಸರು ಇಲ್ಲ ಎಂದುಬಿಡುತ್ತಾರೆ. ಜಿಮ್‌ನ ಇಂಜೆಕ್ಷನ್, ಹಚ್ಚುವ ಜೆಲ್, ಪುಡಿ ಎಂದು ಒಂದೊಂದಾಗಿ ಬಿಡಿಸಿ ಕೇಳಬೇಕು.

ಏಳು ತಿಂಗಳ ನಂತರ ಆತನ ಎಣಿಕೆ 1 ಕೋಟಿ 10 ಲಕ್ಷಕ್ಕೆ ಬಂದಿದೆ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯ ಕೆಳಮಿತಿ 1 ಕೋಟಿ 60 ಲಕ್ಷ. ಅದಕ್ಕಿಂತ ಕಡಿಮೆಯೇ, ಆದರೂ ಮೊದಲಿನ 90 ಲಕ್ಷವನ್ನು ದಾಟಿದೆ. ಇನ್ನೂ ಮೂರು ತಿಂಗಳು ಕಾಯೋಣ ಎಂದು ಇಬ್ಬರೂ ಒಪ್ಪಿದ್ದಾರೆ. ಮುಂದೆ ಚಿಕಿತ್ಸೆ ಬೇಕೇಬೇಕು ಎಂದಾದರೆ ಸೂಜಿಯನ್ನು ನರ್ಸ್ ಹಾಕಲಿ ಎಂದು ಆಕೆ ಹೇಳಿದ್ದಾಳೆ. ಆತ ತಲೆಯಾಡಿಸಿದ.